ಕೋಡಿಯಿಲ್ಲದ ಕೆರೆ

ನಮ್ಮ ಬರಗೂರಿನ ಕಡೆ ಕೆರೆ ತುಂಬಿದರೆ ಹಬ್ಬ. ಹೆಚ್ಚಾದ ನೀರು ಕೋಡಿ ಹರಿಯುತ್ತದೆ. ಇ-ಮೇಲ್ ಪೆಟ್ಟಿಗೆಗೆ ಕೋಡಿಯಿಲ್ಲ. ತುಂಬಿತೋ, ಹೊಸ ಪತ್ರ ಒಳಗೇ ಬಾರದು.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ವಿದ್ಯಾರ್ಥಿಗಳಿಗೆ ದೊರೆತದ್ದು ಬರೀ ಅಕ್ಷರ ಕಾಣುವ ಷೆಲ್ ಖಾತೆ. ಯುನಿಕ್ಸ್‌ನ ಹಳೆಯ ಪದ್ಧತಿಯಲ್ಲಿ ಒಬ್ಬರ ಪತ್ರಗಳೆಲ್ಲ ಒಂದೇ ಕಡತದಲ್ಲಿ ಒಂದರ ಕೆಳಗೊಂದು ಸೇರುತ್ತವೆ. ಎಲ್ಲರ ಕಡತಗಳೂ ಒಂದೇ ಡಿಸ್ಕಿನಲ್ಲಿ. ಒಬ್ಬ ಮಹಾಶಯ ಅಳಿಸದೆ ಗುಡ್ಡೆ ಹಾಕಿದರೆ ಉಳಿದವರ ಪತ್ರಕ್ಕೂ ಜಾಗವಿಲ್ಲ. ಅದಕ್ಕೇ ತಲೆಗಿಷ್ಟೆಂದು ಮಿತಿ ಬಂತು. ಮಿತಿ ಮೀರಿದರೆ, ಕಳಿಸಿದ ಯಂತ್ರ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಪತ್ರವನ್ನು ಕಳಿಸಿದವರಿಗೇ ಹಿಂತಿರುಗಿಸುತ್ತದೆ. ಪಡೆಯಬೇಕಾದವರಿಗೆ ಸುದ್ದಿಯೇ ಇರುವುದಿಲ್ಲ!

ಲಗತ್ತಿಸಿದ ಚಿತ್ರದ ಲೆಕ್ಕ ಬೇರೆ. ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯುವುದರಿಂದ 3 ಎಂಬಿ ಫೋಟೋ ಪತ್ರದಲ್ಲಿ 4 ಎಂಬಿ ಆಗುತ್ತದೆ.

2004ರಲ್ಲಿ ಜಿಮೇಲ್ 1 ಜಿಬಿ ಕೊಟ್ಟಾಗ ಇನ್ನು ಅಳಿಸುವ ಗೋಜಿಲ್ಲ ಎಂದರು. 2021ರ ಜೂನ್ 1ರಿಂದ ಗೂಗಲ್‌ಗೆ ಹೊಸದಾಗಿ ಸೇರಿಸುವ ಫೋಟೋ, ವಿಡಿಯೊಗಳೂ ಅದೇ ಮಿತಿಯೊಳಗೆ ಬಂದವು. ಕಳೆದ ವರ್ಷ ನನ್ನ ಶಿಷ್ಯೆಯೊಬ್ಬಳಿಗೆ ವಿದ್ಯಾರ್ಥಿವೇತನದ ಪತ್ರ ತಲುಪಲಿಲ್ಲ. ಮನೆಮಂದಿಗೆಲ್ಲ ಒಂದೇ ಖಾತೆ. ಜಾಗವನ್ನೆಲ್ಲ ಅಣ್ಣನ ಮದುವೆಯ ವಿಡಿಯೊ ತಿಂದಿತ್ತು. ಪೋಷಕರೇ, ಮಕ್ಕಳ ಅರ್ಜಿಗೆ ಬೇರೆ ಖಾತೆ ಇರಲಿ. ಅಳಿಸಿದ ಮೇಲೆ ಕಸದಬುಟ್ಟಿಯನ್ನೂ ಖಾಲಿ ಮಾಡಿ. ಅಲ್ಲಿದ್ದರೂ ಅದು ಜಾಗ ಹಿಡಿದೇ ಇರುತ್ತದೆ.