ಕಿಲ್‌ಬೆಗನ್ನಿನ ಭಟ್ಟಿ

ಐರ್ಲೆಂಡಿನ ನಡುನಾಡಿನಲ್ಲಿ, ಬ್ರಾಸ್ನಾ ನದಿಯ ತಡಿಯಲ್ಲಿ, ಕಿಲ್‌ಬೆಗನ್ ಎಂಬ ಪುಟ್ಟ ಊರಿರುವುದು. 1757ರಲ್ಲಿ ಸ್ಥಾಪಿತವಾದ ವಿಸ್ಕಿಯ ಭಟ್ಟಿಯೇ ಅದರ ಖ್ಯಾತಿಗೆ ಕಾರಣ. ಮದ್ಯಸ್ತುತಿ ನಮ್ಮ ಉದ್ದೇಶವಲ್ಲ. ಊರವರ ನಡತೆಯೇ ಇಲ್ಲಿ ಗಣನೀಯವಾದುದು. 1866ರಲ್ಲಿ ಬಾಯ್ಲರು ಕೆಟ್ಟು ಕೆಲಸ ನಿಲ್ಲಲು, ಹೊಸದನ್ನು ಕೊಳ್ಳುವ ಶಕ್ತಿ ಒಡೆಯನಾದ ಜಾನ್ ಲಾಕನಿಗಿರಲಿಲ್ಲ. ಪುರಜನರೇ ಹೊಸ ಬಾಯ್ಲರನ್ನು ಕೊಂಡು ಅವನಿಗೆ ಕಾಣಿಕೆಯಾಗಿ ಒಪ್ಪಿಸಿದರು.

ಮುಂದೆ ಅಮೆರಿಕದ ಪಾನನಿಷೇಧವೇ (1920-33) ಮೊದಲಾದ ಕಾರಣಗಳಿಂದ ಐರಿಷ್ ವಿಸ್ಕಿಯ ವ್ಯಾಪಾರವು ಕ್ಷೀಣಿಸಿತು. 1957ರಲ್ಲಿ ಈ ಭಟ್ಟಿಯೂ ಬಾಗಿಲು ಮುಚ್ಚಿತು. ಆಗಲೂ ಜನರು ಅದನ್ನು ಕೈಬಿಡಲಿಲ್ಲ. 1982ರಿಂದ ಶಿಥಿಲವಾದ ಕಟ್ಟಡವನ್ನೂ ನೀರಿನ ಚಕ್ರವನ್ನೂ ಜೀರ್ಣೋದ್ಧಾರಮಾಡಿ, ವಸ್ತುಸಂಗ್ರಹಾಲಯವನ್ನಾಗಿಸಿದರು. 2007ರಲ್ಲಿ, ಸ್ಥಾಪನೆಯ 250ನೆಯ ವರ್ಷದಲ್ಲಿ, ಭಟ್ಟಿಯಿಳಿಸುವ ಕಾರ್ಯವು ಪುನಃ ಮೊದಲಾಯಿತು. ತಮಗೆ ಅನ್ನವಿತ್ತುದನ್ನು ಮರೆಯದವರ ಊರು ಅದು.