ಆರು ಕೋಟೆ, ಒಂದು ಮಂಡಿ

ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಮೊಮ್ಮಕ್ಕಳಿಬ್ಬರೂ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದರು. ಮೊಮ್ಮಗಳಿಗೆ ಹನ್ನೆರಡು, ಮೊಮ್ಮಗನಿಗೆ ಒಂಬತ್ತು. ಕಥೆ ಪುಸ್ತಕದಲ್ಲಿ ಇಂಗ್ಲೆಂಡಿನ ಕೋಟೆಯೊಂದರ ಚಿತ್ರ ನೋಡಿದ ಹುಡುಗ, "ತಾತ, ಕೋಟೆ ನೋಡೋಕೆ ವಿಮಾನದಲ್ಲೇ ಹೋಗಬೇಕಾ?" ಎಂದು ಕೇಳಿದ.

"ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರದಲ್ಲೇ ಬೇಕಾದಷ್ಟು ಕೋಟೆಗಳಿವೆ ಕಣೋ" ಎಂದೆ. ಅಂದ ಮೇಲೆ ತೋರಿಸಬೇಕಲ್ಲ!

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಸುಮ್ಮನಿರುತ್ತದೆಯೇ? ಹಳೆಯ ನೋಟ್‌ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆದೆ. ದೂರ, ವಾಹನ, ಖರ್ಚು, ಹೆಸರು. ನಾಲ್ಕನ್ನೂ ತಾಳೆ ನೋಡಿ ಆರಿಸಿದ್ದು ತುಮಕೂರು ಜಿಲ್ಲೆಯ ಮಧುಗಿರಿ. ಸುಮಾರು ನೂರು ಕಿಲೋಮೀಟರ್. ಒಂದೇ ಬಂಡೆಯಂತೆ ಎದ್ದು ನಿಂತ ಬೆಟ್ಟ, ಅದರ ಮೈಮೇಲೆ ಸುತ್ತಿದ ಕೋಟೆ. ಇದಕ್ಕಿಂತ ಇನ್ನೇನು ಬೇಕು?

ಏಪ್ರಿಲ್ ತಿಂಗಳು. ತಿಂಡಿ ಮುಗಿಸಿ ನಿಧಾನಕ್ಕೆ ಹೊರಟ ನಾವು ತಲುಪಿದಾಗ ಹನ್ನೊಂದು ಗಂಟೆ. ಕೈಯಲ್ಲಿ ಎರಡೇ ಬಾಟಲಿ ನೀರು. ಮೊದಲ ಬಾಗಿಲ ಹತ್ತಿರವೇ ನಮ್ಮಾಕೆ, "ನನ್ನ ಮಂಡಿ ಇಲ್ಲಿಗೇ ಸಾಕು ಅಂತಿದೆ. ನೀವು ಹೋಗಿಬನ್ನಿ" ಎಂದು ನೆರಳಿನಲ್ಲಿ ಕುಳಿತಳು. ನಾವು ಮೂವರೂ ಹತ್ತಿದೆವು. ಸ್ವಲ್ಪ ಮೇಲೆ ಹೋದರೆ ಕಡಿದಾದ ಬೋಳು ಬಂಡೆ. ಪಾದವಿಡಲು ಕೊರೆದ ಗುರುತುಗಳೇ ಮೆಟ್ಟಿಲು. ಕಲ್ಲು ಹೆಂಚಿನಂತೆ ಕಾದಿತ್ತು. ನೀರು ಮುಗಿಯಿತು. ಮೊಮ್ಮಗಳು ತಲೆ ಸುತ್ತುತ್ತಿದೆ ಎಂದು ಕುಳಿತುಬಿಟ್ಟಳು. ಹುಡುಗ ಅಷ್ಟರಲ್ಲಿ ಕೋತಿಮರಿಯಂತೆ ಮೇಲೆ ಹೋಗಿದ್ದವನು, ಹಿಂತಿರುಗಿ ಕೆಳಗೆ ನೋಡಿ, ಬಂಡೆಗೆ ಅಂಟಿಕೊಂಡು ಅಳತೊಡಗಿದ. ಇಳಿಯಲು ಅವನಿಗೆ ಧೈರ್ಯವಿಲ್ಲ, ಹತ್ತಲು ನನಗೆ ಶಕ್ತಿಯಿಲ್ಲ. ಇವಳನ್ನು ಬಿಟ್ಟು ಅವನ ಹತ್ತಿರ ಹೋಗುವಂತೆಯೂ ಇಲ್ಲ.

ಮೇಲಿನಿಂದ ಇಳಿದು ಬರುತ್ತಿದ್ದ ಊರಿನ ಯುವಕನೊಬ್ಬ ಹುಡುಗನ ಕೈ ಹಿಡಿದು, ಕೂರಿಸಿ ಕೂರಿಸಿ ಇಳಿಸಿಕೊಂಡು ಬಂದ. ತನ್ನ ಬಾಟಲಿಯ ನೀರನ್ನೂ ಕೊಟ್ಟ. ಅಂದು ಅವನು ಬರದಿದ್ದರೆ ಎಂಬುದನ್ನು ನಾನು ಈಗಲೂ ಪೂರ್ತಿ ಯೋಚಿಸುವುದಿಲ್ಲ.

ಕೆಳಗೆ ಬಂದಾಗ ನಮ್ಮಾಕೆ ಬಯ್ಯಲಿಲ್ಲ. ಬಸ್ಸಿನಲ್ಲಿ ಮಕ್ಕಳಿಬ್ಬರೂ ನಿದ್ದೆಹೋದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು. "ನಿಮ್ಮ ಪುಸ್ತಕದಲ್ಲಿ ನನ್ನ ಮಂಡಿಯನ್ನು ಯಾವ ಕಾಲಮ್ಮಿನಲ್ಲಿ ಬರೆದಿದ್ದಿರಿ?"

ಮನೆಗೆ ಬಂದು ಐದನೆಯ ಕಾಲಂ ಎಳೆದೆ. 'ಕಾಲು' ಎಂದು ಬರೆದೆ. ಹೊರಟವರಲ್ಲಿ ಯಾರ ಕಾಲಿಗೆ ಶಕ್ತಿ ಕಡಿಮೆಯೋ ಅವರಿಗೆ ಒಗ್ಗುವ ಕೋಟೆಯನ್ನೇ ಆರಿಸಬೇಕು. ಲೆಕ್ಕ ಅಷ್ಟೇ.

ಈ ಲೆಕ್ಕದಲ್ಲಿ ಮೊದಲು ಬಂದದ್ದು ಊರೊಳಗಿನ ಕೋಟೆ. ಕೆ.ಆರ್. ಮಾರ್ಕೆಟ್ ಪಕ್ಕದಲ್ಲೇ ಇದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯ ಊರಿದು. 1761ರಲ್ಲಿ ಹೈದರಾಲಿ ಕಲ್ಲಿನ ಕೋಟೆ ಕಟ್ಟಿಸಿದ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ಹಿಡಿಯಿತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಸ್ವಲ್ಪ ಭಾಗ ಮಾತ್ರ. ಆದರೂ ಆ ದೊಡ್ಡ ಬಾಗಿಲ ಮುಂದೆ ನಿಂತ ಹುಡುಗನ ಬಾಯಿ ತೆರೆದೇ ಇತ್ತು.

ಎರಡನೆಯದು ದೇವನಹಳ್ಳಿ, ಸುಮಾರು ನಲವತ್ತು ಕಿಲೋಮೀಟರ್. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಮುಂದೆ ಕಲ್ಲಿನದಾಯಿತು. ಟಿಪ್ಪು ಹುಟ್ಟಿದ ಜಾಗ ಕೋಟೆಯ ಸಮೀಪವೇ ಇದೆ. ಗೋಡೆಯ ಮೇಲೆ ನಡೆದಾಡಬಹುದು. ಒಳಗಡೆ ಇಂದಿಗೂ ಜನ ವಾಸಿಸುವ ಬೀದಿಗಳಿವೆ. ಬತೇರಿಯ ಮೇಲೆ ನಿಂತರೆ ವಿಮಾನಗಳು ಹಾರುವುದೂ ಕಾಣುತ್ತದೆ. "ನೋಡೋ, ಕೋಟೆ ನೋಡಲು ಬಂದರೆ ವಿಮಾನವೂ ಸಿಕ್ಕಿತು" ಎಂದಳು ಅಜ್ಜಿ.

ಮೂರನೆಯದು ಶ್ರೀರಂಗಪಟ್ಟಣ. ದೂರ 125 ಕಿಲೋಮೀಟರ್ ಆದರೂ ಮಂಡಿಗೆ ಬಹಳ ಹತ್ತಿರ! ರೈಲು ಇಳಿದರೆ ಸಮತಟ್ಟಾದ ದಾರಿ. ದಣಿದರೆ ಆಟೋ ಇದೆ. 1799ರ ಮೇ 4ರಂದು ಟಿಪ್ಪು ಸತ್ತು ಬಿದ್ದಿದ್ದ ಸ್ಥಳ, ಕಾವೇರಿಯ ಪಕ್ಕದ ಸೆರೆಮನೆ, ರಂಗನಾಥನ ಗುಡಿ, ಜುಮ್ಮಾ ಮಸೀದಿ, ಗೋಡೆ ತುಂಬ ಯುದ್ಧದ ಚಿತ್ರಗಳಿರುವ ದರಿಯಾ ದೌಲತ್, ಎಲ್ಲವನ್ನೂ ನಮ್ಮಾಕೆ ಒಂದೂ ಬಿಡದೆ ನೋಡಿದಳು.

ಇನ್ನೊಂದು ಚಿತ್ರದುರ್ಗ. ಇನ್ನೂರು ಕಿಲೋಮೀಟರ್. ಬೆಳಿಗ್ಗೆ ಐದಕ್ಕೇ ಹೊರಡಬೇಕು. ಏಳು ಸುತ್ತಿನ ಕೋಟೆಯನ್ನು ಒಂದೇ ದಿನದಲ್ಲಿ ಮುಗಿಸುತ್ತೇನೆಂಬ ಹಟ ಬೇಡ. ಕೆಳಗಿನ ಬಾಗಿಲುಗಳು, ಮದ್ದು ಬೀಸುವ ಕಲ್ಲುಗಳು, ಓಬವ್ವನ ಕಿಂಡಿ, ಇಷ್ಟು ಸಾಕು. ಓಬವ್ವ ಹೈದರಾಲಿಯ ಸೈನಿಕರನ್ನು ಕಂಡದ್ದು ನೀರು ತರಲು ಹೋದಾಗ ಎಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಬೇಕು.

ನೀರು ಎಂದೆನಲ್ಲ, ಮಕ್ಕಳೇ, ಕೋಟೆ ನೋಡುವಾಗ ಫಿರಂಗಿಗಿಂತ ಮೊದಲು ನೀರಿನ ಹೊಂಡವನ್ನು ಹುಡುಕಿ. ಶತ್ರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೆ ಒಳಗಿನವರನ್ನು ಉಳಿಸುತ್ತಿದ್ದುದು ಅದೇ. ದುರ್ಗದಲ್ಲಿ ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ಹರಿಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲಿ ಮಳೆನೀರು ಹಿಡಿಯಲು ಬಂಡೆಯಲ್ಲೇ 19 ಹೊಂಡಗಳಿವೆ. ಕೋಟೆ ಕಟ್ಟಿದವರು ಇಷ್ಟು ಯೋಚಿಸಿದ್ದರು. ಕೋಟೆ ನೋಡಲು ಹೋದ ಬಿ.ಕಾಂ. ಪದವೀಧರ ಎರಡೇ ಬಾಟಲಿ ಹಿಡಿದು ಹೋಗಿದ್ದ! ಈಗ ತಲೆಗೆ ಎರಡು ಲೀಟರ್, ಟೋಪಿ, ಒಳ್ಳೆಯ ಬೂಟು. ಬೆಟ್ಟದ ಕೋಟೆಯಾದರೆ ಚಳಿಗಾಲದಲ್ಲಿ ಮಾತ್ರ, ಅದೂ ಬೆಳಗಿನ ಹೊತ್ತು.

ಹೋದ ಡಿಸೆಂಬರಿನಲ್ಲಿ ಹೋದದ್ದು ಆ ಗುಡಿಬಂಡೆಗೇ. ಈ ಸಲ ಮಗನೂ ಜೊತೆಗಿದ್ದ. ನಮ್ಮಾಕೆ ಕೋಲು ಊರಿಕೊಂಡು ಒಂದು ಹೊಂಡದವರೆಗೂ ಬಂದು ಕುಳಿತಳು. ನಾನು ಇನ್ನೂ ಹತ್ತು ಮೆಟ್ಟಿಲು ಹತ್ತಿ, ಏದುಸಿರು ಬಂದು, ಮರಳಿ ಅವಳ ಪಕ್ಕಕ್ಕೇ ಬಂದೆ. ಮಕ್ಕಳು ಅಪ್ಪನ ಜೊತೆ ತುದಿಯವರೆಗೆ ಹೋಗಿ, ಅಲ್ಲಿಂದ ಕೈ ಬೀಸಿದರು. ನಾವಿಬ್ಬರೂ ಕೆಳಗಿನ ಕೆರೆ ನೋಡುತ್ತ ಬುತ್ತಿಯ ಚಿತ್ರಾನ್ನ ಬಿಚ್ಚಿದೆವು.

ರಾತ್ರಿ ನೋಟ್‌ಪುಸ್ತಕ ತೆರೆದರೆ, ಐದನೆಯ ಕಾಲಮ್ಮಿನಲ್ಲಿ ಮೊಮ್ಮಗಳು ಆಗಲೇ ಬರೆದಿಟ್ಟಿದ್ದಳು: "ಅಜ್ಜಿ ಅರ್ಧ. ತಾತ ಅರ್ಧ, ಜೊತೆಗೆ ಹತ್ತು ಮೆಟ್ಟಿಲು."