ನಮ್ಮ ಮನೆಯ ಕಿರಿಯ ವಿದ್ಯಾರ್ಥಿನಿ

ಕಳೆದ ಮಳೆಗಾಲದಲ್ಲಿ 8 ವಾರದ ಹೆಣ್ಣು ನಾಯಿಮರಿಯೊಂದು ನಮ್ಮ ಮನೆಗೆ ಬಂದಿತು. 20 ವರ್ಷ ಬಾಲಿಕೆಯರಿಗೆ ಶಿಸ್ತನ್ನು ಕಲಿಸಿದ ನಮಗೆ ಇದೇನು ಮಹತ್ಕಾರ್ಯವೆಂದು ಎಣಿಸಿದ್ದೆವು. ಹಳೆಯ ವಿದ್ಯಾರ್ಥಿನಿಯರು ನಗದಿರಲಿ. ಮೊದಲನೆಯ ದಿನವೇ ಅದು ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಮೂತ್ರ ಮಾಡಿತು. ನಾವು ಗದರಿಸಿ ಅದರ ಮೂತಿಯನ್ನು ಆ ಒದ್ದೆಗೆ ಒತ್ತಿದೆವು. ಮರುದಿನದಿಂದ ಮರಿಯು ಬೀರುವಿನ ಹಿಂದೆ ಅಡಗಿ ತನ್ನ ಕೆಲಸವನ್ನು ಮುಗಿಸತೊಡಗಿತು. ನಮ್ಮ ಹೆಜ್ಜೆಯ ಸಪ್ಪಳಕ್ಕೇ ಬಾಲ ಮುದುರುತ್ತಿದ್ದಿತು. ನಮ್ಮ ಮೇಜಿನ ಮುಂದೆ ತುಟಿ ಬಿಗಿದು ನಿಂತಿದ್ದ ಕೆಲವು ಮಕ್ಕಳ ಮುಖಗಳು ಆ ರಾತ್ರಿ ನೆನಪಿಗೆ ಬಂದುವು.

ಪಶುವೈದ್ಯರು ತಿಳಿಸಿದ್ದೇನೆಂದರೆ, 2 ತಿಂಗಳ ಮರಿಯು ಹಗಲಿನಲ್ಲಿ ಸುಮಾರು 2 ಗಂಟೆಗಿಂತ ಹೆಚ್ಚು ತಡೆಯಲಾರದು. ನಿದ್ದೆಯಿಂದೆದ್ದಾಗ, ಉಂಡಾಗ, ಆಡಿದಾಗ ಹೊರಗೆ ಒಯ್ಯಬೇಕು. ಕಾರ್ಯವಾದ ಕೂಡಲೇ ಮೆಚ್ಚಬೇಕು. ಅಮೋನಿಯಾ ಬೆರೆತ ದ್ರವದಿಂದ ನೆಲವನ್ನು ಒರೆಸಿದರೆ ಮೂತ್ರದ ವಾಸನೆಯೆಂದೇ ಬಗೆದು ಅಲ್ಲಿಗೇ ಮರಳುವುದುಂಟು.

ಅಂದಿನಿಂದ ಮುಂಜಾನೆ 5 ಗಂಟೆಗೆ ಕೊಡೆ ಹಿಡಿದು ಸೀಬೆಮರದ ಬುಡದಲ್ಲಿ ನಿಲ್ಲುವುದು ನಮ್ಮ ಪಾಲಿಗೆ ಬಂದಿತು. (ನೆರೆಯವರು ಏನೆಂದುಕೊಂಡರೋ!) ಅದರ ಬಾಲವು ಸಡಿಲಾಗಲು 3 ವಾರಗಳು ಹಿಡಿದುವು. ಮೊನ್ನೆ ನಡುರಾತ್ರಿಯಲ್ಲಿ ಅದು ತಾನಾಗಿಯೇ ನಮ್ಮ ಹೊದಿಕೆಯನ್ನೆಳೆದು ಬಾಗಿಲ ಕಡೆಗೆ ನೋಡಿತು.